ಬೋಲ್ಟು ಬಿಚ್ಚುವ ಸದ್ದು

ಗೀರು ಬಿದ್ದು ಬಣ್ಣ ಎದ್ದ ಕಾರಿನ ಅಲಾಯ್ ಚಕ್ರಗಳನ್ನು ಉಜ್ಜಿ, ಬಣ್ಣ ಹೊಡೆದು, ಹೊಸದರಂತೆ ಮಾಡಿಕೊಡುವುದು ಅವನ ಕಸುಬು. ರಸ್ತೆಯವರೆಲ್ಲ ಚಕ್ರದಣ್ಣ ಎಂದೇ ಕರೆಯುತ್ತಿದ್ದರು. ಬಣ್ಣ ಹೊಡೆಯುವವರು ಬೇಕಾದಷ್ಟು ಜನ ಸಿಗುತ್ತಿದ್ದರು. ಆದರೆ ಅದಕ್ಕೂ ಮುಂಚೆ ಚಕ್ರದ ಅಂಚಿನಲ್ಲಿ ಅಂದಕ್ಕೆಂದು ಕೂರಿಸಿದ ಸಣ್ಣ ಹೊಳೆಯುವ ಬೋಲ್ಟುಗಳನ್ನು ಬಿಚ್ಚಬೇಕಲ್ಲ, ಬಹಳ ಮಂದಿ ಅಲ್ಲೇ ಕೈಚೆಲ್ಲುತ್ತಿದ್ದರು. ಬೋಲ್ಟು ಉಕ್ಕಿನದು, ಚಕ್ರ ಅಲ್ಯೂಮಿನಿಯಮ್ಮಿನದು. ವರ್ಷಗಟ್ಟಲೆ ಕೆಸರು ನೀರು ಕುಡಿದು, ನಡುವೆ ಬಿಳಿ ಪುಡಿ ಕಟ್ಟಿ, ಒಂದನ್ನೊಂದು ಕಚ್ಚಿಕೊಂಡು ಕೂತಿರುತ್ತವೆ. ಹಟ ಹಿಡಿದು ತಿರುಗಿಸಿದರೆ ತಲೆ ಮುರಿದು ಕೈಗೆ ಬರುತ್ತದೆ, ಮೈ ಒಳಗೇ ಉಳಿಯುತ್ತದೆ.

ಚಕ್ರದಣ್ಣನಿಗೆ ಅದು ಕೈಗಿಂತ ಹೆಚ್ಚಾಗಿ ಕಿವಿಯ ಕೆಲಸ. ಸ್ಪ್ಯಾನರ್ ಹಾಕಿ ತಿರುಗಿಸುವಾಗ ಬೋಲ್ಟು ‘ಕಿರ್’ ಅಂದರೆ ಕದಲುತ್ತಿದೆ ಎಂದು ಅರ್ಥ. ಸದ್ದಿಲ್ಲದೆ ಮೆತ್ತಗೆ ತಿರುಗಿತೋ, ಒಳಗೊಳಗೇ ತಿರುಚಿಕೊಳ್ಳುತ್ತಿದೆ, ಇನ್ನೇನು ಮುರಿಯುತ್ತದೆ.

ಉಜ್ಜುವ ಯಂತ್ರದ ಮುಂದೆ ಆಯುಷ್ಯ ಕಳೆದ ಆ ಕಿವಿಗಳು ಸದ್ದಿಲ್ಲದೆ ಕೈಕೊಟ್ಟವು. ಹೆಂಡತಿ “ಹಾಲು ತಂದ್ರಾ?” ಅಂದರೆ “ಯಾರು ಬಂದ್ರು?” ಎಂದು ಬಾಗಿಲ ಕಡೆ ನೋಡುತ್ತಿದ್ದ. ಅವಳು ನಕ್ಕು ತಾನೇ ಹೋಗಿ ಹಾಲು ತರುತ್ತಿದ್ದಳು. ಅವನಂತೂ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ಆಗ ನಿವೃತ್ತ ಬಸ್ ಡ್ರೈವರ್ ಒಬ್ಬರು ತಮ್ಮ ಹಳೆಯ ಕಾರಿನ ಚಕ್ರಗಳನ್ನು ತಂದಿಳಿಸಿದರು. “ಈ ಬೋಲ್ಟು ಈಗ ಎಲ್ಲೂ ಸಿಗಲ್ಲಪ್ಪ. ಜೋಪಾನವಾಗಿ ತೆಗೆದು ಇವನ್ನೇ ವಾಪಸ್ ಹಾಕ್ಕೊಡು” ಅಂದರು.

ಮೊದಲ ಚಕ್ರದಲ್ಲೇ ಒಂದು ಬೋಲ್ಟಿನ ತಲೆ ಹಾರಿತು. ಕೈ ಬಿಗಿ ಹಿಡಿದು ಇನ್ನೊಂದಕ್ಕೆ ಹೋದ, ಅದೂ ಹೋಯಿತು. ಈಗ ಅವನ ಪಾಲಿಗೆ ಎಲ್ಲ ಬೋಲ್ಟೂ ಮೂಕ. ಯಾವುದು ಬರುತ್ತದೆ, ಯಾವುದು ಮುರಿಯುತ್ತದೆ, ತಿಳಿಯುವ ದಾರಿಯೇ ಇಲ್ಲ. ಹಾಡಹಗಲೇ ಶಟರ್ ಎಳೆದು ಮನೆಗೆ ಬಂದ.

ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತಿದಳು.

“ಅಂಗಡಿ ಮುಚ್ಚಿಬಿಡ್ತೀನಿ” ಅಂದ. “ನಂಗೆ ಕಿವಿ ಕೇಳಿಸ್ತಿಲ್ಲ.”

ಅವಳು ಎದ್ದು ಬಂದು ಎದುರಿಗೆ ನಿಂತು ಗಟ್ಟಿಯಾಗಿ ಹೇಳಿದಳು: “ಅದೇನು ಹೊಸ ಸುದ್ದಿನಾ? ಗೋಡೆ ಜೊತೆ ಮಾತಾಡಿ ಮಾತಾಡಿ ನಂಗೆ ಸಾಕಾಗಿದೆ. ನಂಗೆ ಕೇಳಿಸುತ್ತಲ್ಲ, ನಡೀರಿ.”

ಅಂಗಡಿಯಲ್ಲಿ ಮೊದಲು ಒಂದು ಗುಜರಿ ಚಕ್ರ ಹಿಡಿದು ಅವಳಿಗೆ ಆ ಸದ್ದನ್ನು ಗುರುತು ಮಾಡಿಸಿದ. ಬಳಿಕ ಇಬ್ಬರೂ ಡ್ರೈವರ್ ಅವರ ಚಕ್ರದ ಮುಂದೆ ಕೂತರು. ಅವಳ ಅಂಗೈ ಅವನ ಬೆನ್ನ ಮೇಲೆ. ಬೋಲ್ಟು ಕಿರುಗುಟ್ಟಿದರೆ ತಟ್ಟಬೇಕು, ಸದ್ದು ಬಾರದಿದ್ದರೆ ಚಿವುಟಬೇಕು.

ಅವನು ಸ್ಪ್ಯಾನರ್ ಹಾಕಿ ತಿರುಗಿಸಿದ. ಅವಳು ಜೋರಾಗಿ ಚಿವುಟಿದಳು.

“ಅಯ್ಯೋ! ಚರ್ಮ ಕಿತ್ತುಬಂತು!”

“ಬೋಲ್ಟು ಉಳೀತಲ್ಲ” ಅಂದಳು.

ಬುಡಕ್ಕೆ ಎಣ್ಣೆ ಬಿಟ್ಟು ನೆನೆಯಲು ಬಿಟ್ಟ. ಆಮೇಲೆ ಎಣ್ಣೆ ಒರೆಸಿ, ಸುತ್ತ ಬಿಸಿಗಾಳಿ ಹಾಯಿಸಿದ.

“ಬಿಸಿ ಮಾಡಿದ್ರೆ ಯಾಕೆ ಬಿಡುತ್ತೆ?” ಎಂದು ಕೇಳಿದಳು, ಬಾಯಿ ಅವನ ಕಿವಿಯ ಹತ್ತಿರ ತಂದು.

“ಚಕ್ರ ಬೋಲ್ಟಿಗಿಂತ ಜಾಸ್ತಿ ಹಿಗ್ಗುತ್ತೆ. ಹಿಡಿತ ಸಡಿಲ ಆಗುತ್ತೆ.”

ಮೊದಲು ಬಿಗಿಯುವ ಕಡೆಗೇ ಒಂದು ಎಳೆಯಷ್ಟು ತಿರುಗಿಸಿದ, ಆಮೇಲೆ ಬಿಚ್ಚುವ ಕಡೆಗೆ. ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ಬೆನ್ನ ಮೇಲಿನ ಕೈ ಮೆಲ್ಲಗೆ ತಟ್ಟಿತು. ಇನ್ನೊಮ್ಮೆ ತಟ್ಟಿತು. ಬೋಲ್ಟು ಬಿಳಿ ಪುಡಿ ಉದುರಿಸುತ್ತಾ ಇಡಿಯಾಗಿ ಹೊರಬಂತು. ಅವನು ಅದನ್ನು ಅವಳ ಅಂಗೈಯಲ್ಲಿಟ್ಟ. “ಇಷ್ಟೇ ಇಷ್ಟು ಇದೆ, ಇದಕ್ಕೆ ಇಷ್ಟೊಂದು ಜಂಬನಾ!” ಎಂದು ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

ಉಳಿದವೆಲ್ಲ ಹೀಗೇ ನಿಧಾನವಾಗಿ ಬಂದವು. ಮುರಿದ ಎರಡರ ಮೈಯನ್ನು ಡ್ರಿಲ್ ಹಾಕಿ ತೆಗೆದ. ಪರಿಚಯದ ಲೇತ್‌ನವನ ಹತ್ತಿರ ಅದೇ ಅಳತೆಯ ಬೋಲ್ಟು ಮಾಡಿಸಿ, ಹೊಳಪು ಕೊಡಿಸಿ ಹಾಕಿದ. ಡ್ರೈವರ್ ಬಂದ ದಿನ ಚಕ್ರಗಳನ್ನು ಮುಂದಿಟ್ಟು ಅವನೇ ಮೊದಲು ಹೇಳಿದ.

“ಎರಡು ಮುರೀತು ಸಾರ್. ಅದರ ಜಾಗಕ್ಕೆ ಬೇರೆ ಮಾಡಿಸಿ ಹಾಕಿದೀನಿ. ನಂಗೆ ಕಿವಿ ಸರಿಯಾಗಿ ಕೇಳಿಸಲ್ಲ, ಅದಕ್ಕೇ ಹೀಗಾಯ್ತು.”

ಡ್ರೈವರ್ ಬಗ್ಗಿ ಚಕ್ರದ ಅಂಚಿನ ಮೇಲೆ ಬೆರಳಾಡಿಸಿದರು. “ಯಾವುದು ಹೊಸದು ಅಂತ ನಂಗೇ ಗೊತ್ತಾಗ್ತಿಲ್ವಲ್ಲ” ಅಂದರು. ಆಮೇಲೆ ತಮ್ಮ ಕಿವಿಯೊಳಗಿಂದ ಹುಣಸೆಬೀಜದಷ್ಟು ಚಿಕ್ಕ ಯಂತ್ರವೊಂದನ್ನು ತೆಗೆದು ತೋರಿಸಿದರು. “ಬಸ್ಸಿನ ಎಂಜಿನ್ ಪಕ್ಕ ಕೂತು ಕೂತು ನಂದೂ ಹೋಗಿತ್ತಪ್ಪ. ನಾಚಿಕೆ ಅಂತ ಬಹಳ ದಿನ ಹಾಕ್ಕೊಳ್ಳಲಿಲ್ಲ. ದಡ್ಡತನ. ಮೊಮ್ಮಗಳು ಮೊದಲು ಮಾತು ಕಲಿತಾಗ ಏನಂದ್ಲು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ.”

ಆ ಮಾತು ಚಕ್ರದಣ್ಣನ ಎದೆಗೆ ನಾಟಿತು. ಮಾರನೆಯ ದಿನವೇ ಹೆಂಡತಿಯ ಜೊತೆ ಕಿವಿ ಡಾಕ್ಟರ ಹತ್ತಿರ ಹೋದ.

ಯಂತ್ರ ಹಾಕಿಕೊಂಡು ಅಂಗಡಿಗೆ ಕಾಲಿಟ್ಟವನೇ ಬೆಚ್ಚಿ ನಿಂತ. “ಇಲ್ಲಿ ಏನೋ ಬುಸುಗುಡ್ತಿದೆ, ಹಾವಿರಬೇಕು!”

“ಹಾವೂ ಇಲ್ಲ ಹಲ್ಲಿಯೂ ಇಲ್ಲ. ನಿಮ್ಮ ಕಂಪ್ರೆಸರ್ ಪೈಪು ಗಾಳಿ ಬಿಡ್ತಿದೆ. ನಾನು ಬಂದಾಗಿನಿಂದಲೂ ಹಾಗೇ ಇದೆ.”

“ಹೇಳಬಾರದಿತ್ತಾ?”

“ಹೇಳಿದ್ದೆ!”

ಅವನಿಗೆ ನಗು ತಡೆಯಲಾಗಲಿಲ್ಲ. ಪೈಪು ಬದಲಾಯಿಸಿದ. ಇನ್ನು ಅವಳು ಬರಬೇಕಾದ ಅಗತ್ಯವೇನೂ ಇರಲಿಲ್ಲ. ಆದರೂ ಹೊಲಿಗೆ ಮುಗಿಸಿ ಸಂಜೆಯ ಹೊತ್ತಿಗೆ ಬಂದೇ ಬರುತ್ತಾಳೆ. ಈಗ ಸ್ಪ್ಯಾನರ್ ಅವಳ ಕೈಯಲ್ಲೇ ಇರುತ್ತದೆ. ಅವನು ಪಕ್ಕದಲ್ಲಿ ಕೂತು “ನಿಧಾನ, ನಿಧಾನ” ಅನ್ನುತ್ತಾನೆ.

“ನಂಗೂ ಕೇಳಿಸ್ತಿದೆ, ಸುಮ್ನಿರಿ” ಎಂದು ಅವಳು ಮತ್ತೊಂದು ಎಳೆಯಷ್ಟು ತಿರುಗಿಸುತ್ತಾಳೆ.