ಲ್ಯಾರಿಯನ್ನು ತಡೆದವರಿಗೇ ತಂಡದಲ್ಲಿ ಜಾಗ

ಇದು ನಡೆದದ್ದೇ. ಒಂದು ಹನಿ ನೀರು ಬೆರೆಸಿಲ್ಲ ಎಂದು ಬೇಕಾದರೆ ಲ್ಯಾರಿಯ ಕೊರಳ ಗಂಟೆ ಮುಟ್ಟಿ ಆಣೆ ಮಾಡಬಹುದು. ಅಷ್ಟಕ್ಕೂ ನಂಬಿಕೆ ಬಾರದವರು ವಿದ್ಯಾನಗರದಲ್ಲಿ ಬಸ್ಸಿಳಿದು, ಕಾಲೇಜಿನ ಹಿಂದಿನ ಇಳಿಜಾರಿನಲ್ಲಿ ಬೆಳಕು ಹರಿಯುವ ಮೊದಲು ಕಿವಿಗೊಟ್ಟು ನಿಲ್ಲಲಿ. ಉಳಿದವರ ಹಟ್ಟಿಯಿಂದ ಹಸುವಿನ ಕೂಗು ಕೇಳುತ್ತದೆ. ಟ್ರೀಜಾ ಕ್ರಾಸ್ತಾ ಅವರ ಹಟ್ಟಿಯಿಂದ ರೆಫರಿಯ ಸೀಟಿ ಕೇಳುತ್ತದೆ.

ಹಟ್ಟಿಯೊಳಗೆ ಟ್ರೀಜಾರ ಗಂಡ ವಲೇರಿಯನ್ ಕುಕ್ಕರಗಾಲಲ್ಲಿ ಕೂತು ಗುಲಾಬಿ ಎಂಬ ಹಸುವಿನ ಹಾಲು ಕರೆಯುತ್ತಿದ್ದಾರೆ. ಕರು ಒಮ್ಮೆ ಬಾಯಿ ಹಾಕಿ, ಹಸು ಹಾಲಿಳಿಸಿದ ಮೇಲೆ ಕರುವನ್ನು ಕಂಬಕ್ಕೆ ಕಟ್ಟುವುದು ಎಲ್ಲ ಮನೆಯ ಪದ್ಧತಿ. ಈ ಮನೆಯಲ್ಲಿ ಕಟ್ಟುವುದಿಲ್ಲ. ಉದ್ದ ಕಾಲಿನ ಕರು ಲ್ಯಾರಿಗೂ ಅದರ ತಾಯಿಗೂ ನಡುವೆ ಒಬ್ಬಳು ಹುಡುಗಿ ಮೊಣಕಾಲು ಬಗ್ಗಿಸಿ, ಎರಡೂ ಕೈ ಬೆನ್ನ ಹಿಂದೆ ಇಟ್ಟು, ಬೆವರು ಸುರಿಸುತ್ತ ನಿಂತಿದ್ದಾಳೆ. ಕಾಲೇಜಿಗೆ ಹೊಸದಾಗಿ ಸೇರಿದ ಬಾಸ್ಕೆಟ್‌ಬಾಲ್ ಆಟಗಾರ್ತಿ, ಅಡೂರಿನ ಅಕ್ಷಯಾ. ಬಾಗಿಲ ಬಳಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಟ್ರೀಜಾ, ತುಟಿಯಲ್ಲಿ ಸೀಟಿ.

ಲ್ಯಾರಿ ಎಡಕ್ಕೆ ಕುತ್ತಿಗೆ ತೂಗುತ್ತದೆ, ಬಲಕ್ಕೆ ನುಗ್ಗುತ್ತದೆ. ಅಕ್ಷಯಾ ಗಾಬರಿಯಲ್ಲಿ ಅದರ ಕಿವಿ ಹಿಡಿಯುತ್ತಾಳೆ. ಸೀಟಿ.

"ಫೌಲ್! ಕಿವಿ ಹಿಡಿದದ್ದು ಫೌಲ್!"

"ಟೀಚರ್, ಒಂದು ಹಗ್ಗದಲ್ಲಿ ಕಟ್ಟಿ ಹಾಕ್ಬಹುದಲ್ಲಾ?"

"ಹೌದಾ? ಮ್ಯಾಚಿಗೂ ಹಗ್ಗ ತಕ್ಕೊಂಡು ಹೋಗ್ತೀಯಾ ನೀನು?"

ಅಷ್ಟರಲ್ಲಿ ಲ್ಯಾರಿ ತಾಯಿಯ ಕೆಚ್ಚಲಿಗೆ ಮೂತಿ ಸೇರಿಸಿಯಾಗಿದೆ. ವಲೇರಿಯನ್ ಪಾತ್ರೆಯ ತಳ ನೋಡಿ ನಿಟ್ಟುಸಿರು ಬಿಡುತ್ತಾರೆ. "ಇವತ್ತೂ ಕಪ್ಪು ಚಾ ಮಾರಾಯ್ರೆ. ಹಸು ಉಂಟು ಅಂತ ಹೆಸರಿಗೆ ಮಾತ್ರ."

ಟ್ರೀಜಾ ಆ ಕಾಲೇಜಿನ ಮಹಿಳಾ ಬಾಸ್ಕೆಟ್‌ಬಾಲ್ ತಂಡದ ಸಹಾಯಕ ಕೋಚ್. ತಾತ್ಕಾಲಿಕ ಕೆಲಸ, ಜೂನ್ ಬಂದಾಗಲೆಲ್ಲ ಮತ್ತೆ ಕರೆಯುತ್ತಾರೋ ಇಲ್ಲವೋ ಎಂಬ ಅನುಮಾನ. ಇಪ್ಪತ್ತು ವರ್ಷದಿಂದ ಕರೆಯುತ್ತಲೇ ಇದ್ದಾರೆ, ಅನುಮಾನ ಮಾತ್ರ ಹೋಗಿಲ್ಲ. ಅನುಮಾನ ಅವರ ಹುಟ್ಟುಗುಣ. ಅಂಗಡಿಯ ಮೊಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡುತ್ತಾರೆ, ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನ್ನು ಕೇಳುತ್ತಾರೆ. ಆದರೆ ಎಲ್ಲಕ್ಕಿಂತ ಹೆಚ್ಚು ಅನುಮಾನ ಶಾಲೆಯಲ್ಲಿ ರಾಶಿ ಪಾಯಿಂಟ್ ಹಾಕಿ ಬಂದ ಹುಡುಗಿಯರ ಮೇಲೆ.

"ಶಾಲೆಯಲ್ಲಿ ಇವರು ಹಾಕುದು, ಉಳಿದವರು ಕಾಯುದು. ಹಾಕಿ ಆಯ್ತು, ಕೂದಲು ಸರಿ ಮಾಡ್ಕೊಂಡು ನಿಲ್ಲುದು. ಇಲ್ಲಿಗೆ ಬಂದವರೆಲ್ಲ ಅವರವರ ಶಾಲೆಯ ರಾಣಿಯರೇ. ಎಲ್ಲ ರಾಣಿಯರಾದ್ರೆ ಬಾಗಿಲು ಕಾಯುದು ಯಾರು?" ಎಂದು ಅವರು ಕೇಳುತ್ತಾರೆ. ಎದುರಾಳಿ ಬಾಸ್ಕೆಟ್ ಮುಟ್ಟದಂತೆ ಎದೆಗೊಟ್ಟು ತಡೆಯುವ ಡಿಫೆನ್ಸ್ ಕಲಿಸುವುದೇ ಅವರ ಕೆಲಸ. ತಾವು ಆಡುವ ಕಾಲದಲ್ಲೂ ಮಾಡಿದ್ದು ಅದೊಂದೇ. ಅವರ ತಂಡ ಗೆದ್ದಾಗ ಪೇಪರಿನಲ್ಲಿ ಫೋಟೋ ಬಂದಿತ್ತು. ಪಾಯಿಂಟ್ ಹಾಕಿದವಳು ನಡುವೆ, ಹಲ್ಲು ಪೂರ್ತಿ ಕಾಣುವಂತೆ. ಟ್ರೀಜಾರದ್ದು ಬಲಬದಿಯ ಅಂಚಿನಲ್ಲಿ ಒಂದು ಮೊಣಕೈ. ಅದೇ ಫೋಟೋಕ್ಕೆ ಚೌಕಟ್ಟು ಹಾಕಿ ಗೋಡೆಗೆ ತೂಗಿಸಿದ್ದಾರೆ. ಮನೆಗೆ ಬಂದವರಿಗೆಲ್ಲ ಮೊಣಕೈ ತೋರಿಸಿ, "ಇದು ನಾನು" ಎನ್ನುತ್ತಾರೆ.

ಅಕ್ಷಯಾ ಬಂದದ್ದು ದೊಡ್ಡ ಹೆಸರಿನೊಂದಿಗೆ. ಶಾಲೆಯ ಮ್ಯಾಚುಗಳಲ್ಲಿ ಅವಳ ಪಾಯಿಂಟ್ ಬರೆದು ಬರೆದು ಮೇಷ್ಟ್ರ ಪೆನ್ಸಿಲು ಕಿರುಬೆರಳಷ್ಟಾಯಿತಂತೆ. ಅವಳು ಚೆಂಡು ಎತ್ತಿದರೆ ಎದುರು ತಂಡದವರು ಮೊದಲೇ ಹೋಗಿ ಬಾಸ್ಕೆಟ್ಟಿನ ಕೆಳಗೆ ನಿಲ್ಲುತ್ತಿದ್ದರಂತೆ, ಬಿದ್ದ ಚೆಂಡು ಹೆಕ್ಕಿಕೊಳ್ಳಲು. ದೈಹಿಕ ಶಿಕ್ಷಣ ವಿಭಾಗದ ಮುಖ್ಯಸ್ಥ ಗಣೇಶಪ್ರಸಾದ ಅವಳ ಆಟ ನೋಡಿ ಕ್ರೀಡಾ ಕೋಟಾದಲ್ಲಿ ಸೀಟು ಕೊಡಿಸಿದರು. ಆದರೆ ಕಾಲೇಜಿನ ಮೊದಲ ಅಭ್ಯಾಸ ಪಂದ್ಯದಲ್ಲಿ ಅವಳು ಒಂದು ಹಾಕಿದರೆ, ಅವಳು ತಡೆಯಬೇಕಿದ್ದ ಎದುರಾಳಿ ಎರಡು ಹಾಕಿದಳು.

"ಅದೆಲ್ಲ ಕಲೀತಾಳೆ ಬಿಡಿ ಟೀಚರ್. ಮೊದಲು ತಂಡಕ್ಕೆ ಹಾಕುವ" ಎಂದರು ಗಣೇಶಪ್ರಸಾದ.

"ಎಲ್ಲಿ ಕಲಿತದ್ದು ಸಾರ್? ಎಷ್ಟು ಜನ ಬಂದ್ರು, ಎಷ್ಟು ಜನ ಕಲಿತ್ರು? ಪಾಯಿಂಟಿನ ರುಚಿ ಹತ್ತಿದವರು ಬಗ್ಗುದಿಲ್ಲ."

ಕೊನೆಗೆ ಒಪ್ಪಂದವಾಯಿತು. ಅಂತರ ಕಾಲೇಜು ಪಂದ್ಯ ಶನಿವಾರ. ಶುಕ್ರವಾರ ಬೆಳಿಗ್ಗೆ ಟ್ರೀಜಾ ಹೂಂ ಅಂದರೆ ಅಕ್ಷಯಾ ತಂಡದಲ್ಲಿ. ಇಲ್ಲವಾದರೆ ಹಾಸ್ಟೆಲಿನ ಕೋಣೆಯನ್ನೂ ಬಿಡಬೇಕು, ಏಕೆಂದರೆ ಆ ಕೋಣೆ ತಂಡದವರಿಗೆ ಮಾತ್ರ. ಅಡೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಮುಂಜಾನೆಯ ಅಭ್ಯಾಸಕ್ಕೆ ನಿಲ್ಲುವುದು ಆಗದ ಮಾತು. ಅಲ್ಲಿಗೆ ಅವಳ ಆಟ ಮುಗಿದಂತೆ.

ಆ ವಾರದ ಆರಂಭದಲ್ಲೇ ಅಕ್ಷಯಾಳ ಅಮ್ಮ ಪ್ರಫುಲ್ಲಾ ಅಡೂರಿನಿಂದ ಬಂದಿಳಿದರು. ಮಗಳ ಬಟ್ಟೆಗೆ ಸೆಗಣಿ ವಾಸನೆ ಎಂದು ಯಾರೋ ಹೇಳಿದ್ದರಂತೆ. ಬೆಳಿಗ್ಗೆಯೇ ಹಟ್ಟಿಯ ಬಾಗಿಲಲ್ಲಿ ನಿಂತು ಕೇಳಿಯೂ ಬಿಟ್ಟರು: "ಅಲ್ಲ ಟೀಚರೇ, ನನ್ನ ಮಗಳು ಸೇರಿದ್ದು ಕಾಲೇಜಿಗಾ, ನಿಮ್ಮ ಹಟ್ಟಿಗಾ? ಆಟದ ಹೆಸರಲ್ಲಿ ಬಿಟ್ಟಿ ಚಾಕರಿ ಎಂತಾದ್ರೂ ಉಂಟಾ?"

"ಬನ್ನಿ ಪ್ರಫುಲ್ಲಕ್ಕ, ಕೂತು ನೋಡಿ. ಅನುಮಾನ ಒಳ್ಳೆದೇ" ಎಂದು ಟ್ರೀಜಾ ಇನ್ನೊಂದು ಬಕೆಟ್ ಬೋರಲು ಹಾಕಿದರು.

ಸೀಟಿ ಕೂಗಿತು. ಲ್ಯಾರಿ ಎರಡು ಹೆಜ್ಜೆ ಬಂತು. ಅಕ್ಷಯಾಳ ಮುಂದೆ ನಿಂತಿತು. ಪೂಜೆಗೆ ಬಂದ ಭಕ್ತನ ಹಾಗೆ ತಲೆ ಬಾಗಿಸಿ ಅಲ್ಲೇ ನಿಂತಿತು. ವಲೇರಿಯನ್ ಕರೆದದ್ದೇ ಕರೆದದ್ದು, ಪಾತ್ರೆಯಲ್ಲಿ ನೊರೆ ಏರಿತು.

"ಕಲಿತಾಯ್ತಲ್ಲ! ನನ್ನ ಮಗಳಲ್ವಾ" ಎಂದು ಪ್ರಫುಲ್ಲಾ ಎದೆಯುಬ್ಬಿಸಿದರು.

ಟ್ರೀಜಾರ ಹುಬ್ಬು ಮೇಲೇರಿತು. ನಿನ್ನೆಯವರೆಗೆ ಗಾಳಿಯ ಹಾಗೆ ನುಗ್ಗುತ್ತಿದ್ದ ಕರು ಇವತ್ತು ಕಂಬದ ಹಾಗೆ? ಅವರು ಎದ್ದು ಹೋಗಿ ಲ್ಯಾರಿಯ ಮೂತಿ ಎತ್ತಿ ಮೂಸಿದರು. ಮತ್ತೊಮ್ಮೆ ಮೂಸಿದರು. "ಬಾಳೆಹಣ್ಣು."

ಅಕ್ಷಯಾಳ ಟ್ರ್ಯಾಕ್ ಪ್ಯಾಂಟಿನ ಜೇಬಿನಿಂದ ಮೂರು ಸಿಪ್ಪೆ, ಅರ್ಧ ಹಣ್ಣು ಹೊರಬಂದವು.

"ಅಯ್ಯೋ, ಅದು ನಮ್ಮ ಮನೆಯ ಕದಳಿ!" ಪ್ರಫುಲ್ಲಾರ ಸ್ವರ ಇಳಿಯಿತು. "ನಿನ್ಗೆ ತಿನ್ಲಿಕ್ಕೆ ಅಂತ ಕೊಟ್ಟು ಕಳಿಸಿದ್ದಲ್ವಾ ಹೆಣ್ಣೇ?"

"ನಿಂತಿತಲ್ಲ ಟೀಚರ್, ಮುಟ್ಲೂ ಇಲ್ಲ ನಾನು" ಎಂದಳು ಅಕ್ಷಯಾ, ನೆಲ ನೋಡುತ್ತ.

"ಮ್ಯಾಚಲ್ಲಿ ಎದುರಿನವಳಿಗೂ ಹಣ್ಣು ತಿನ್ನಿಸ್ತೀಯಾ? ಶುಕ್ರವಾರ ಖಾಲಿ ಜೇಬಲ್ಲಿ ತಡಿ. ಆಗದಿದ್ರೆ ಪೆಟ್ಟಿಗೆ ಕಟ್ಟು."

ಈಗ ಹೊಸ ಪೇಚಾಟ ಶುರುವಾಯಿತು. ಲಂಚ ತಿಂದ ಲ್ಯಾರಿ ಹಳೆಯ ಲ್ಯಾರಿಯಲ್ಲ. ಮೊದಲು ಜೇಬಿಗೆ ಮೂತಿ ಹಾಕಿದ ಹಾಗೆ ಮಾಡುತ್ತದೆ, ಹುಡುಗಿ ಜೇಬು ಬಿಡಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಬದಿಯಿಂದ ತಾಯಿಯ ಬಳಿ ಹಾಜರು. ಜಿಲ್ಲೆಯ ಯಾವ ಆಟಗಾರ್ತಿಗೂ ಬಾರದ ಮೋಸ ಅದಕ್ಕೆ ಬಂದಿತ್ತು. ಕಲಿಸಿದವಳು ಅಕ್ಷಯಾಳೇ. ಗುರುವಾರ ಮೂರು ಸಲ ಬಿದ್ದಳು, ಮಂಡಿ ತರಚಿತು, ಹುಲ್ಲಿನ ಮೇಲೆ ಕೂತು ಅತ್ತಳು.

ಟ್ರೀಜಾ ಬಕೆಟ್ ಎಳೆದುಕೊಂಡು ಪಕ್ಕ ಕೂತರು. "ನೀನು ಅದರ ಮೋರೆ ನೋಡ್ತೀ ಮಗಾ. ಮೋರೆ ಸುಳ್ಳು ಹೇಳ್ತದೆ, ಕಣ್ಣೂ ಸುಳ್ಳು ಹೇಳ್ತದೆ. ಹೊಟ್ಟೆಗೆ ಸುಳ್ಳು ಹೇಳ್ಲಿಕ್ಕೆ ಬರುದಿಲ್ಲ. ಹೊಟ್ಟೆ ತಿರುಗಿದ ಕಡೆಗೇ ಕರು ಹೋಗುದು. ಎಲ್ಲದರ ಮೇಲೂ ಅನುಮಾನ ಇಡು, ಹೊಟ್ಟೆ ಒಂದನ್ನು ನಂಬು."

ಶುಕ್ರವಾರ ಜೇಬು ತಪಾಸಣೆ ಆದ ಮೇಲೆ ಸೀಟಿ ಕೂಗಿತು. ಲ್ಯಾರಿ ಜೇಬಿಗೆ ಮೂತಿ ತಂದಿತು, ಅಕ್ಷಯಾ ಕದಲಲಿಲ್ಲ. ತಲೆ ಬಲಕ್ಕೆ ಹಾರಿತು, ಅವಳು ಕದಲಲಿಲ್ಲ. ಹೊಟ್ಟೆ ಎಡಕ್ಕೆ ತಿರುಗಿತು, ಅವಳು ಅಲ್ಲಿ ಮೊದಲೇ ನಿಂತಿದ್ದಳು. ಅಂದು ವಲೇರಿಯನ್ ಬಹಳ ದಿನಗಳ ಮೇಲೆ ಹಾಲು ಹಾಕಿದ ಚಾ ಕುಡಿದರು. ಕುಡಿಯುವ ಮುಂಚೆ ಲೋಟದೊಳಗೆ ಇಣುಕಿ ಕೇಳಿದರಂತೆ, "ಇದು ಪ್ಯಾಕೆಟಿದ್ದಲ್ಲ ಅಲ್ವಾ?"

ಅಕ್ಷಯಾಳನ್ನು ತಂಡಕ್ಕೆ ಸೇರಿಸಲು ಟ್ರೀಜಾ ಹೂಂ ಎಂದರು. ಅರ್ಧ ಮನಸ್ಸಿನಿಂದ.

ಶನಿವಾರದ ಪಂದ್ಯದಲ್ಲಿ ಎದುರಾಳಿ ತಂಡದ ಅಶ್ಮಿತಾ ಆಕಾಶಕ್ಕೆ ಏಣಿ ಹಾಕಿದ ಹಾಗಿದ್ದ ಹುಡುಗಿ. ಕೊನೆಯ ಗಳಿಗೆ. ಅಕ್ಷಯಾಳ ತಂಡ ಒಂದೇ ಪಾಯಿಂಟ್ ಮುಂದಿದೆ, ಚೆಂಡು ಅಶ್ಮಿತಾಳ ಕೈಯಲ್ಲಿದೆ. ಅದನ್ನು ಅಕ್ಷಯಾಳ ಮೂಗಿನ ತುದಿಗೇ ತಂದು ಆಡಿಸುತ್ತಾಳೆ, ಬಾ ಕಿತ್ತುಕೋ ಎನ್ನುವ ಹಾಗೆ. ಕಿತ್ತುಕೊಂಡು ಓಡಿದರೆ ಇನ್ನೆರಡು ಪಾಯಿಂಟ್, ಫೋಟೋ, ಚಪ್ಪಾಳೆ. ಕಿತ್ತುಕೊಳ್ಳಲು ಹೋಗಿ ಕೈ ತಗಲಿದರೆ ಫೌಲ್. ಗ್ಯಾಲರಿಯಲ್ಲಿ ಪ್ರಫುಲ್ಲಾ, "ತೆಗಿ ಮಗಾ, ತೆಗಿ!" ಎಂದು ಕೂಗುತ್ತಾರೆ. ಬೆಂಚಿನಲ್ಲಿ ಟ್ರೀಜಾ ಕಣ್ಣು ಮುಚ್ಚಿಕೊಳ್ಳುತ್ತಾರೆ. ಪಾಯಿಂಟಿನ ರುಚಿ ಹತ್ತಿದವಳು, ಈಗ ಕೈ ಹಾಕುತ್ತಾಳೆ ಎಂದೇ ಅವರ ಅನುಮಾನ.

ಅಕ್ಷಯಾ ಕೈ ಹಾಕಲಿಲ್ಲ. ಎದುರಿನವಳ ಹೊಟ್ಟೆ ನೋಡುತ್ತ ನಿಂತಳು. ಅಶ್ಮಿತಾ ಎಡಕ್ಕೆ ತಿರುಗಿದಳು, ಅಲ್ಲಿ ಅಕ್ಷಯಾ. ಬಲಕ್ಕೆ ತಿರುಗಿದಳು, ಅಲ್ಲೂ ಅಕ್ಷಯಾ. ದಾರಿ ಕಾಣದೆ ದೂರದಿಂದಲೇ ಎಸೆದ ಚೆಂಡು ರಿಂಗಿಗೆ ಬಡಿದು ಹೊರಗೆ ಬಿತ್ತು. ಗಂಟೆ ಹೊಡೆಯಿತು.

ಪ್ರಫುಲ್ಲಾ ಓಡಿ ಬಂದವರೇ ಟ್ರೀಜಾರ ಮೇಲೆ ಮುನಿದರು: "ಶಾಲೆಯಲ್ಲಿ ರಾಶಿ ಹಾಕ್ತಿದ್ದವಳು ಇವತ್ತು ನಾಲ್ಕೇ ಹಾಕಿದ್ದಲ್ಲಾ ಟೀಚರೇ. ಎಂತ ಕಲಿಸಿದ್ದು ನೀವು?"

ಟ್ರೀಜಾರ ಕಣ್ಣು ಅಕ್ಷಯಾ ಆಗಷ್ಟೇ ಹಾಕಿಕೊಂಡ ಟ್ರ್ಯಾಕ್ ಪ್ಯಾಂಟಿನ ಉಬ್ಬಿದ ಜೇಬಿನ ಮೇಲಿತ್ತು. ಕೈ ಹಾಕಿ ಎಳೆದರೆ, ವಿರಾಮದಲ್ಲಿ ಆಟಗಾರರಿಗೆ ಕೊಟ್ಟ ಬಾಳೆಹಣ್ಣು.

"ಇದೆಂತ ಪುನಃ?"

"ಲ್ಯಾರಿಗೆ ಟೀಚರ್. ಲಂಚ ಅಲ್ಲ ಇದು, ಫೀಸು."

ಮರುದಿನದ ಪೇಪರಿನಲ್ಲಿ ಫೋಟೋ ಬಂತು. ನಡುವೆ ಹೆಚ್ಚು ಪಾಯಿಂಟ್ ಹಾಕಿದ ಹುಡುಗಿ ಕಪ್ ಹಿಡಿದಿದ್ದಾಳೆ. ಬಲಬದಿಯ ಅಂಚಿನಲ್ಲಿ ಒಂದು ಮೊಣಕೈ. ಅಕ್ಷಯಾಳದ್ದು. ಅದೀಗ ಕ್ರಾಸ್ತಾರ ಮನೆಯ ಗೋಡೆಯಲ್ಲಿ ಹಳೆಯ ಮೊಣಕೈಯ ಪಕ್ಕದಲ್ಲಿದೆ. ಪಾಯಿಂಟ್ ಹಾಕುವವರು ತಡೆಯಲು ಕಲಿಯುತ್ತಾರೆಂದು ಈಗಲಾದರೂ ನಂಬುತ್ತೀರಾ ಎಂದರೆ ಟ್ರೀಜಾ ತಲೆ ಕೆರೆದುಕೊಳ್ಳುತ್ತಾರೆ. "ಒಂದು ಮ್ಯಾಚಲ್ಲಿ ಹೇಳ್ಲಿಕ್ಕಾಗುದಿಲ್ಲಪ್ಪ. ಆದ್ರೆ ಫೋಟೋದಲ್ಲಿ ಮೊಣಕೈ ಮಾತ್ರ ಬಂದದ್ದು ಅವಳಿಗೆ ಬೇಜಾರಾಗ್ಲಿಲ್ಲ. ಅಷ್ಟು ಕಲಿತಿದ್ದಾಳೆ."

ಇಷ್ಟು ಓದಿದ ಮೇಲೂ ಕರುವಿನ ಮಾತು ಸುಳ್ಳೆಂದು ಯಾರಾದರೂ ಮುಸಿಮುಸಿ ನಗುತ್ತಿದ್ದರೆ, ನಾಳೆ ಬೆಳಿಗ್ಗೆ ಹಟ್ಟಿಗೆ ಬಂದು ಲ್ಯಾರಿಯ ಮುಂದೆ ನಿಲ್ಲಿ. ತಡೆದರೆ ವಲೇರಿಯನ್ ಹಾಲಿನ ಚಾ ಕೊಡುತ್ತಾರೆ, ತಪ್ಪಿದರೆ ಕಪ್ಪು ಚಾ. ಒಳಗೆ ಕಾಲಿಡುವ ಮೊದಲು ಮಾತ್ರ ಎರಡೂ ಜೇಬು ಹೊರಗೆಳೆದು ತೋರಿಸಬೇಕು. ಬಾಳೆಹಣ್ಣು ತಂದಿದ್ದರೆ ಈ ಕಥೆ ಹೇಳಿದವರ ಕೈಗೆ ಕೊಟ್ಟು ಹೋಗಿ.