ವಿನ್ಸೆಂಟ್ ಅವರ ವೈರಿಂಗ್ ಸರಿಯಾಗಿತ್ತು

ತಪ್ಪು ನನ್ನದು, ಅದರ ಫಲ ಅನುಭವಿಸಿದವರು ವಿನ್ಸೆಂಟ್. ಅವರು ತಮ್ಮ ವ್ಯಾನ್ ಮಾರಿದರು, ಸ್ವಂತ ಹೆಸರಿನಲ್ಲಿ ನಡೆಸುತ್ತಿದ್ದ ಎಲೆಕ್ಟ್ರಿಷಿಯನ್ ಕೆಲಸ ನಿಲ್ಲಿಸಿದರು, ಈಗ ರಾಬಿನ್ಸ್‌ವಿಲ್ ಹತ್ತಿರದ ಗೋದಾಮೊಂದರಲ್ಲಿ ಬೇರೆಯವರ ಕೈಕೆಳಗೆ ದುಡಿಯುತ್ತಾರೆ. ನಾನು ಕಳೆದುಕೊಂಡದ್ದು ಏನೂ ಇಲ್ಲ. ನನ್ನ ಮನೆಯ ಗೋಡೆಗೆ ಹೊಸ ಬಣ್ಣ ಬಂತು, ಅಷ್ಟೇ.

ನ್ಯೂಜೆರ್ಸಿಯ ನಮ್ಮ ಕನ್ನಡ ವಾಟ್ಸ್ಯಾಪ್ ಗುಂಪಿನಲ್ಲಿರುವ ಬಹುತೇಕರಿಗೆ ನನ್ನ ಪರಿಚಯವಿದೆ. ತಪ್ಪು ಕಂಡಲ್ಲಿ ಹೆಸರು ಹಿಡಿದು ಹೇಳುವವಳು ಎಂದೇ ಪರಿಚಯ. ಪ್ರಶ್ನೆ ಕೇಳುವುದನ್ನೇ ಪಾಠವೆಂದು ಕಲಿಸಿದ ಮೈಸೂರಿನ ಒಂದು ಶಾಲೆಯಲ್ಲಿ ಓದಿದವಳು ನಾನು. ಬಾಡಿಗೆದಾರರ ಪರವಾಗಿ, ಮನೆಗೆಲಸದ ಹೆಂಗಸರ ಪರವಾಗಿ, ನದಿಯ ಪರವಾಗಿ ಸಹಿ ಸಂಗ್ರಹಿಸಿದವಳು. ಆ ಅಭ್ಯಾಸದ ಬಲದಿಂದಲೇ ಈಗ ನನ್ನನ್ನೂ ಕೇಳಿಕೊಳ್ಳುತ್ತಿದ್ದೇನೆ — ವಿನ್ಸೆಂಟ್ ಬಗ್ಗೆ ನಾನು ಹೇಳಿದ ಸುಳ್ಳು ನಿಜವಾಗಿ ಹುಟ್ಟಿದ್ದು ಯಾವ ಕ್ಷಣದಲ್ಲಿ? ಸೋಜಿಗವೆಂದರೆ, ಎಷ್ಟು ಹಿಂದಕ್ಕೆ ಹೋದರೂ ಅದು ಇನ್ನೂ ಸ್ವಲ್ಪ ಹಿಂದಿನಿಂದಲೇ ಬಂದಂತೆ ಕಾಣುತ್ತದೆ.

ವಿನ್ಸೆಂಟ್ ಮಂಗಳೂರು ಕಡೆಯವರು. ಬಹರೇನಿನಲ್ಲಿ ಕಟ್ಟಡಗಳಿಗೆ ವೈರಿಂಗ್ ಮಾಡಿ, ನರ್ಸ್ ಆಗಿರುವ ಹೆಂಡತಿಯ ಜೊತೆ ಇಲ್ಲಿಗೆ ಬಂದು, ಲೈಸೆನ್ಸ್ ಪಡೆದು ತಮ್ಮದೇ ಕೆಲಸ ಆರಂಭಿಸಿದವರು. ಬಾಯಿ ಜೋರು, ತಮ್ಮ ಕೆಲಸದ ಬಗ್ಗೆ ಜಂಬ, ಹೇಳಿದ ಹೊತ್ತಿಗೆ ಬಂದವರೇ ಅಲ್ಲ. ಆದರೂ ನಮ್ಮ ಗುಂಪಿನಲ್ಲಿ ಯಾರೇ ಮನೆ ಕೊಳ್ಳಲಿ, ಅಡುಗೆಮನೆ ಬದಲಿಸಲಿ, ಕಾರ್ ಚಾರ್ಜರ್ ಹಾಕಿಸಲಿ, ಅವರ ನಂಬರು ಕೈಯಿಂದ ಕೈಗೆ ಹೋಗುತ್ತಿತ್ತು. ಅವರ ದುಡಿಮೆ ನಿಂತಿದ್ದದ್ದೇ ಹೀಗೆ ಬಾಯಿಂದ ಬಾಯಿಗೆ ಹೋಗುವ ಒಳ್ಳೆಯ ಮಾತಿನ ಮೇಲೆ. ಅದು ನನಗೆ ಗೊತ್ತಿತ್ತು.

ಕೆಲವು ವರ್ಷಗಳ ಹಿಂದೆ, ದಸರಾಕ್ಕೆ ಮುಂಚೆ, ನಮ್ಮ ಹಳೆಯ ಮನೆಯ ಹಾಲ್‌ನಲ್ಲಿ ಗೊಂಬೆ ಕೂರಿಸುವ ಗೋಡೆಗೆ ಹೊಸ ಪ್ಲಗ್ ಪಾಯಿಂಟುಗಳನ್ನೂ ಚಾವಣಿಗೆ ದೀಪಗಳನ್ನೂ ಹಾಕಲು ಅವರನ್ನು ಕರೆಸಿದೆ. ಗೋಡೆಯನ್ನು ಚೌಕವಾಗಿ ಕೊಯ್ದು ತೆಗೆದಾಗ ನಾನು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲೇ ಕುಳಿತೆ. ಹತ್ತು ವರ್ಷ ಒರಗಿ ಕುಳಿತ ಗೋಡೆಯ ಒಳಗೆ ಏನಿದೆ ಎಂದು ನನಗೆ ಗೊತ್ತೇ ಇರಲಿಲ್ಲ — ಮರದ ಕಂಬಗಳು, ಗುಲಾಬಿ ಬಣ್ಣದ ಹತ್ತಿಯಂಥ ಹಾಸು, ಅದರ ನಡುವೆ ನುಸುಳಿ ಹೋದ ತಂತಿಗಳು. ಕಪ್ಪು ಯಾವುದು, ಬಿಳಿ ಯಾವುದು, ಏಕೆ ಹೀಗೆ ಸುತ್ತುತ್ತೀರಿ ಎಂದು ಕೇಳುತ್ತಲೇ ಇದ್ದೆ.

“ಅಕ್ಕ, ನಿಮಗೆ ಇಷ್ಟೆಲ್ಲ ಹೇಳಿಕೊಟ್ರೆ ನಾಳೆ ನೀವೇ ಒಂದು ವ್ಯಾನ್ ತಗೊಳ್ತೀರಿ,” ಎಂದು ನಕ್ಕರು. ಆಮೇಲೆ, ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕೇಳಿದರು: “ಊರಿನ ಸಾಮಾನು ಎಂತಾದ್ರೂ ಹಾಕ್ಲಿಕ್ಕೆ ಉಂಟಾ ಇಲ್ಲಿಗೆ? ಇದ್ರೆ ಹೇಳಿ ಮಾರಾಯ್ರೆ, ಅದಕ್ಕೆ ಬೇರೆ ಲೈನ್ ಕೊಡ್ತೇನೆ. ನಮ್ಮವರ ಮನೆಯಲ್ಲಿ ಯಾವಾಗ್ಲೂ ಎಂತಾದ್ರೂ ಒಂದು ಇರ್ತದೆ.”

“ಇಲ್ಲಪ್ಪ, ಎಲ್ಲ ಎಲ್‌ಇಡಿ,” ಎಂದೆ.

ಇದ್ದದ್ದು ಬೇರೆ. ನನ್ನ ತಾಯಿ ಮೈಸೂರಿನಲ್ಲಿ ಮೆಕ್ಯಾನಿಕ್ ಒಬ್ಬರಿಂದ ಮಾಡಿಸಿದ್ದ ಜಂಬೂಸವಾರಿ ನನ್ನ ಬಳಿ ಇತ್ತು: ರಬ್ಬರ್ ಪಟ್ಟಿಯ ಮೇಲೆ ಆನೆ, ಕುದುರೆ, ಸಿಪಾಯಿಗಳು ಸಾಲಾಗಿ ಚಲಿಸುತ್ತವೆ, ಕೆಳಗೆ ಮೋಟಾರು. ಅದರ ಜೊತೆಗೆ ಹಳೆಯ ಕಾಲದ ದೊಡ್ಡ ಫೋಕಸ್ ಬಲ್ಬುಗಳು. ಇಲ್ಲಿನ ಕರೆಂಟಿನ ವೋಲ್ಟೇಜ್ ಊರಿನದರ ಅರ್ಧ. ಆದ್ದರಿಂದ ಅವೆಲ್ಲ ನಡೆಯಬೇಕಾದರೆ ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರ್ ಎಂಬ ಭಾರವಾದ ಕಬ್ಬಿಣದ ಪೆಟ್ಟಿಗೆ ಬೇಕು. ಅದನ್ನು ಪ್ರತಿ ವರ್ಷ ಗೊಂಬೆ ಹಂತಗಳ ಕೆಳಗಿಟ್ಟು, ಗುಂಯ್ ಎನ್ನುವ ಸದ್ದು ಹೊರಗೆ ಕೇಳದಂತೆ ಹಳೆಯ ಸೀರೆಗಳನ್ನು ಸುತ್ತುತ್ತಿದ್ದೆ.

ಮುಚ್ಚಿಡುವುದಕ್ಕೆ ಕಾರಣವಿತ್ತು. ಆ ವರ್ಷ ಗುಂಪಿನಲ್ಲಿ ‘ಹಸಿರು ಗೊಂಬೆ ಹಬ್ಬ’ ಎಂಬ ಅಭಿಯಾನ ನಡೆಸಿದವಳು ನಾನೇ. ಕರೆಂಟು ನುಂಗುವ ಹಳೆಯ ಬಲ್ಬು ಬೇಡ, ಎಲ್‌ಇಡಿ ಹಾಕಿ ಎಂದು ಮನೆಮನೆಗೆ ಹೇಳಿದವಳು. ಆದರೆ ಎಲ್‌ಇಡಿಯ ಬೆಳಕಿನಲ್ಲಿ ನಮ್ಮ ಪಟ್ಟದ ಗೊಂಬೆಗಳ ಮುಖ ಜ್ವರ ಬಂದವರ ಮುಖದಂತೆ ಕಾಣುತ್ತಿತ್ತು. ಹಳೆಯ ಬಲ್ಬು ಹಾಕಿದರೆ ರಾಜನ ಜರತಾರಿ ಹೊತ್ತಿಕೊಂಡಂತೆ ಹೊಳೆಯುತ್ತಿತ್ತು. ನನಗೆ ಎರಡೂ ಬೇಕಿತ್ತು — ಆ ಹೊಳಪೂ, ಅಭಿಯಾನದ ಹೆಸರೂ. ಬೇರೆ ಲೈನ್ ಕೇಳಿದ್ದರೆ ಏಕೆಂದು ಹೇಳಬೇಕಾಗುತ್ತಿತ್ತು. ಹೇಳಿದ್ದರೆ ವಿನ್ಸೆಂಟ್ ತಮಾಷೆ ಮಾಡದೆ ಬಿಡುತ್ತಿರಲಿಲ್ಲ. ಮುಂದಿನ ಮನೆಯ ಗೋಡೆ ಕೊಯ್ಯುವಾಗ ಅಲ್ಲಿಯೂ ಅದನ್ನು ಹೇಳುತ್ತಿದ್ದರು.

ಅವರು ಕೆಲಸ ಮುಗಿಸಿದರು. ಪರ್ಮಿಟ್ ತೆಗೆದುಕೊಂಡೇ ಮಾಡಿದ್ದರು; ಟೌನ್‌ಶಿಪ್‌ನ ಇನ್‌ಸ್ಪೆಕ್ಟರ್ ಬಂದು ನೋಡಿ ಪಾಸ್ ಮಾಡಿದರು. ಹೊರಡುವಾಗ ವಿನ್ಸೆಂಟ್, “ಹಬ್ಬಕ್ಕೆ ಹೇಗೆ ಕಾಣ್ತದೆ ಅಂತ ಒಮ್ಮೆ ನೋಡ್ಬೇಕು ಅಕ್ಕ,” ಎಂದರು. “ಖಂಡಿತ,” ಎಂದೆ. ಕರೆಯಲಿಲ್ಲ. ಅದನ್ನೂ ಇಲ್ಲಿ ಬರೆಯಬೇಕು — ಪ್ರತಿ ವರ್ಷ ನಮ್ಮ ಹಬ್ಬಗಳಿಗೆ ಬೆಳಕು ಹಾಕಿಕೊಟ್ಟ ಆ ಕ್ರೈಸ್ತ ಕುಟುಂಬವನ್ನು ನಮ್ಮಲ್ಲಿ ಯಾರೂ ಹಬ್ಬಕ್ಕೆ ಕರೆದದ್ದು ನನಗೆ ನೆನಪಿಲ್ಲ. ಕೆಲಸಕ್ಕೆ ಕರೆಯುವವರ ಪಟ್ಟಿಯೇ ಬೇರೆ, ಅರಿಶಿನ ಕುಂಕುಮಕ್ಕೆ ಕರೆಯುವವರ ಪಟ್ಟಿಯೇ ಬೇರೆ ಎಂದು ಯಾರೂ ನಮಗೆ ಹೇಳಿಕೊಟ್ಟಿರಲಿಲ್ಲ. ಆದರೂ ನಮಗೆಲ್ಲ ಗೊತ್ತಿತ್ತು.

ಹಬ್ಬದ ಒಂದು ಸಂಜೆ ಮನೆ ತುಂಬ ಜನರಿದ್ದಾಗ ಸುಟ್ಟ ವಾಸನೆ ಬಂತು. ಗೊಂಬೆಗಳ ಹಿಂದಿನಿಂದ ಹೊಗೆ. ನನ್ನ ಗಂಡ ಗಿರೀಶ್ ಬೇಸ್‌ಮೆಂಟಿಗೆ ಓಡಿ ಬ್ರೇಕರ್ ಆರಿಸಿದರು. ನಾನು ಪರದೆ ಸರಿಸಿ ಹಿಂದೆ ಹೋದೆ. ಟ್ರಾನ್ಸ್‌ಫಾರ್ಮರಿಗೆ ನಾನು ಜೋಡಿಸಿದ್ದ ತೆಳ್ಳನೆಯ ಎಕ್ಸ್‌ಟೆನ್ಷನ್ ವೈರಿನ ತುದಿ ಅಷ್ಟು ಕರೆಂಟು ತಾಳಲಾರದೆ ಕರಗಿ ಪ್ಲಗ್ ಪಾಯಿಂಟಿಗೆ ಅಂಟಿಕೊಂಡಿತ್ತು. ಸುತ್ತಲಿನ ಗೋಡೆ ಕಪ್ಪಾಗಿತ್ತು. ಬೇರೆಯವರು ಬರುವ ಮೊದಲೇ ಬಟ್ಟೆ ಸುತ್ತಿದ ಕೈಯಿಂದ ಆ ವೈರನ್ನು ಕಿತ್ತು ಹಂತಗಳ ಕೆಳಗೆ ತಳ್ಳಿದೆ. ಯೋಚಿಸಿ ತಳ್ಳಿದೆನೇ? ಇಲ್ಲವೆನಿಸುತ್ತದೆ. ಯೋಚನೆ ಬರುವಷ್ಟರಲ್ಲಿ ಕೈ ಆ ಕೆಲಸ ಮುಗಿಸಿತ್ತು. ಅದು ಹಾಗೆ ಮಾಡುವಷ್ಟು ಚೆನ್ನಾಗಿ ಅದನ್ನು ಯಾರು ಪಳಗಿಸಿದ್ದರು — ಇದು ನನಗೆ ಇಂದಿಗೂ ಬಗೆಹರಿಯದ ಪ್ರಶ್ನೆ.

ನಮ್ಮಲ್ಲಿ ಹಿರಿಯರಾದ ಲಲಿತಾ ಆಂಟಿ ಇಣುಕಿ ನೋಡಿದರು. “ಅಯ್ಯೋ, ಹೊಸಾ ಪಾಯಿಂಟ್ ಅಲ್ವೇನೇ ಇದು? ಯಾರ ಕೈಲಿ ಮಾಡಿಸ್ದೆ?”

“ವಿನ್ಸೆಂಟ್,” ಎಂದೆ.

ನಾನು ಹೇಳಿದ್ದು ಒಂದೇ ಪದ. ಅದು ನಿಜವೂ ಹೌದು. ಉಳಿದದ್ದನ್ನು ಅಲ್ಲಿದ್ದವರೇ ತುಂಬಿಕೊಂಡರು.

“ನಾನು ಅವತ್ತೇ ಅಂದ್ಕೊಂಡೆ, ಈ ಗಲ್ಫ್ ಕೆಲಸ ಇಲ್ಲಿ ನಡಿಯಲ್ಲ ಅಂತ,” ಎಂದರು ಒಬ್ಬರು. “ಸುಮನಾ, ನೀನು ಗ್ರೂಪಲ್ಲಿ ಹಾಕ್ಬೇಕು ಕಣೆ. ಯಾರ್ದಾದ್ರೂ ಮನೆ ಸುಟ್ಟೋದ್ಮೇಲೆ ಹೇಳಿ ಏನು ಪ್ರಯೋಜನ?” ಎಂದರು ಲಲಿತಾ ಆಂಟಿ.

ಅಂದೇ ಎಚ್ಚರಿಕೆ ಬರೆದೆ. ಸುಟ್ಟ ಗೋಡೆಯ ಫೋಟೋ, ವಿನ್ಸೆಂಟ್ ಹೆಸರು, ‘ಮಕ್ಕಳಿರುವ ಮನೆಗಳು ಗಮನಿಸಿ’ ಎಂಬ ಸಾಲು. ಇನ್‌ಸ್ಪೆಕ್ಟರ್ ಪಾಸ್ ಮಾಡಿದ್ದನ್ನು ಬರೆಯಲಿಲ್ಲ. ಟ್ರಾನ್ಸ್‌ಫಾರ್ಮರಿನ ಬಗ್ಗೆ ಬರೆಯಲಿಲ್ಲ. ಬರೆಯುವಾಗ — ಇದು ಸಮರ್ಥನೆಯಲ್ಲ, ನಾನು ಕಂಡ ಒಂದು ವಿಚಿತ್ರ ಮಾತ್ರ — ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು, ಅನ್ಯಾಯವಾದವಳಿಗೆ ಬರುವಂಥ ಸಿಟ್ಟು. ಅದು ಎಲ್ಲಿಂದ ಬಂತು? ಅವರ ವೈರಿಂಗ್ ಕೂಡ ಕೆಟ್ಟಿರಬಹುದು ಎಂಬ ಸಣ್ಣ ಅನುಮಾನವನ್ನು ಹಿಡಿದುಕೊಂಡು ಅಷ್ಟು ದೊಡ್ಡ ಸಿಟ್ಟನ್ನು ಕಟ್ಟಿದ್ದೆ. ಬೆಳಗಾಗುವಷ್ಟರಲ್ಲಿ ‘ನಮ್ಮ ಮನೆಯಲ್ಲೂ ಲೈಟು ಮಿಣುಕುತ್ತದೆ’ ಎಂದು ಕೆಲವರು ಬರೆದಿದ್ದರು. ಅವರಲ್ಲಿ ಒಬ್ಬರ ಮನೆಗೆ ವಿನ್ಸೆಂಟ್ ಕಾಲಿಟ್ಟೇ ಇರಲಿಲ್ಲ.

ಹಬ್ಬ ಮುಗಿದ ಮೇಲೆ ರಿಪೇರಿಗೆ ಬೇರೊಬ್ಬ ಎಲೆಕ್ಟ್ರಿಷಿಯನ್ ಬಂದರು. ಪ್ಲಗ್ ಪಾಯಿಂಟನ್ನು ಬಿಚ್ಚಿ, ಒಳಗೆ ತಂತಿಗಳೆಲ್ಲ ಬಿಗಿಯಾಗಿವೆ, ಶಾಖ ಹೊರಗಿನಿಂದ, ನೀವು ಹಾಕಿದ ಪ್ಲಗ್ಗಿನಿಂದ ಬಂದಿದೆ ಎಂದರು. ನನ್ನ ಅನುಮಾನಕ್ಕೆ ಇನ್ನು ಜಾಗವಿರಲಿಲ್ಲ. ಅದಾದ ಎರಡು ದಿನಕ್ಕೆ ವಿನ್ಸೆಂಟ್ ಫೋನ್ ಮಾಡಿದರು.

“ಅಕ್ಕ, ಎಂತ ಆಯ್ತು ಮಾರಾಯ್ರೆ? ಗ್ರೂಪಲ್ಲಿ ನನ್ನನ್ನು ಸುಟ್ಟು ಹಾಕ್ಲಿಕ್ಕೆ ಮಾತ್ರ ಬಾಕಿ. ನಾನೊಮ್ಮೆ ಬಂದು ನೋಡ್ತೇನೆ. ನನ್ನ ತಪ್ಪಾದ್ರೆ ಇಡೀ ಗೋಡೆ ನಾನೇ ಸರಿ ಮಾಡಿ ಕೊಡ್ತೇನೆ.”

“ಬೇಡ, ಬೇರೆಯವರು ಬಂದು ಸರಿ ಮಾಡಿದ್ದಾರೆ.”

“ಹೌದಾ. ಅವ್ರು ಎಂತ ಹೇಳಿದ್ರು?”

ಅವರು ಕಾಯುತ್ತಿದ್ದರು.

“ಏನೂ ಹೇಳಲಿಲ್ಲ,” ಎಂದೆ.

ಸುಳ್ಳು ಎಲ್ಲಿ ಹುಟ್ಟಿತು ಎಂದು ಎಷ್ಟೇ ಹುಡುಕಿದರೂ ನಾನು ಕೊನೆಗೆ ಬಂದು ನಿಲ್ಲುವುದು ಇಲ್ಲಿಗೇ. ಅದಕ್ಕೆ ಮುಂಚಿನ ಪ್ರತಿಯೊಂದಕ್ಕೂ ಭಯ, ಗಡಿಬಿಡಿ, ಅನುಮಾನ ಎಂದು ಏನಾದರೂ ಹೆಸರಿಡಬಹುದು. ಈ ಮಾತಿಗೆ ಬೇರೆ ಹೆಸರಿಲ್ಲ.

ಮೊದಲು ಕನ್ನಡದವರ ಮನೆಗಳಿಂದ ಕರೆಗಳು ನಿಂತವು. ಆಮೇಲೆ ಅವರ ಮೂಲಕ ಸಿಗುತ್ತಿದ್ದ ಬೇರೆಯವರದೂ. ವ್ಯಾನ್ ಮಾರಿದ ಸುದ್ದಿ ಗಿರೀಶ್ ಹೇಳಿ ತಿಳಿಯಿತು. ಗಿರೀಶ್‌ಗೆ ಆ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯ ವಿಷಯ ಗೊತ್ತಿತ್ತು. ನಾವಿಬ್ಬರೂ ಆ ಮಾತು ಎತ್ತಲಿಲ್ಲ. ನಾನು ಅಭಿಯಾನಗಳನ್ನು ಮುಂದುವರಿಸಿದೆ, ಬೇರೆಯವರ ತಪ್ಪುಗಳಿಗೆ ಹೆಸರಿಡುತ್ತಲೇ ಹೋದೆ.

ಈಚೆಗೆ, ಹ್ಯಾರಿಸನ್ ಊರಿನ ಅಪಾರ್ಟ್‌ಮೆಂಟ್ ಬಿಟ್ಟು ಸ್ವಂತ ಮನೆಗೆ ಹೋಗುತ್ತಿರುವ ಒಬ್ಬ ಯುವತಿ ಗುಂಪಿನಲ್ಲಿ ಕೇಳಿದಳು: ವಿನ್ಸೆಂಟ್ ಎಂಬವರು ಮತ್ತೆ ಸ್ವಂತವಾಗಿ ಕೆಲಸ ಶುರು ಮಾಡುತ್ತಿದ್ದಾರಂತೆ, ಯಾರಾದರೂ ಅವರಿಂದ ಮಾಡಿಸಿದ್ದೀರಾ? ನಿಮಿಷದೊಳಗೆ ಉತ್ತರ ಬಂತು. ನನ್ನದೇ ಹಳೆಯ ಎಚ್ಚರಿಕೆ, ನನ್ನದೇ ಫೋಟೋ, ಕೆಳಗೆ ಯಾರೋ ಸೇರಿಸಿದ ಸಾಲು: ‘ಸುಮನಾ ಹೇಳಿದ ಮೇಲೆ ಮುಗಿಯಿತು.’

ಮರುದಿನ ವಿನ್ಸೆಂಟ್ ಅವರ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಅವರು ಒಳಗೆ ಬನ್ನಿ ಎನ್ನಲಿಲ್ಲ, ಎನ್ನಬೇಕಾಗಿಯೂ ಇರಲಿಲ್ಲ. ಟ್ರಾನ್ಸ್‌ಫಾರ್ಮರ್ ಎಂದಾಗ ಒಮ್ಮೆ ಹುಬ್ಬೇರಿಸಿದರು. “ಮೇಲಿಂದ ಸೀರೆ ಬೇರೆ ಸುತ್ತಿದ್ರಾ?” ಎಂದರು. ಹೌದೆಂದೆ.

“ನನ್ನ ಕೆಲಸ ಸರಿ ಉಂಟು ಅಂತ ನನಗೆ ಅವತ್ತೇ ಗೊತ್ತಿತ್ತು ಅಕ್ಕ. ಈಗ ನನ್ನ ಹತ್ರ ಬಂದು ಹೇಳಿ ಎಂತ ಮಾಡ್ಲಿಕ್ಕುಂಟು? ಗೊತ್ತಿಲ್ಲದವ್ರಿಗೆ ಹೇಳಿ.”

ಬಾಗಿಲು ಮೆಲ್ಲಗೆ ಮುಚ್ಚಿತು. ಅವರು ಕ್ಷಮಿಸಲಿಲ್ಲ, ನಾನು ಕೇಳಲೂ ಇಲ್ಲ.

ಆದ್ದರಿಂದ ಗೊತ್ತಿಲ್ಲದವರಿಗೆ ಹೇಳುತ್ತಿದ್ದೇನೆ. ಗುಂಪಿನ ಅಡ್ಮಿನ್‌ಗಳಲ್ಲಿ ಒಬ್ಬಳಾದ ನನ್ನನ್ನೂ ಸೇರಿಸಿ ಎಲ್ಲ ಅಡ್ಮಿನ್‌ಗಳಿಗೆ ನನ್ನ ಒತ್ತಾಯವಿದು. ಆ ಎಚ್ಚರಿಕೆಯನ್ನು ಸುಮ್ಮನೆ ಅಳಿಸಬೇಡಿ. ಅಳಿಸಿದರೆ ಅದನ್ನು ಓದಿದವರ ಮನಸ್ಸಿನಲ್ಲಿ ಅದು ಹಾಗೆಯೇ ಉಳಿಯುತ್ತದೆ. ಈ ಬರಹವನ್ನು ಗುಂಪಿನ ಮೇಲ್ಭಾಗದಲ್ಲಿ, ಎಲ್ಲರ ಕಣ್ಣಿಗೆ ಬೀಳುವಂತೆ, ನನ್ನ ಪೂರ್ಣ ಹೆಸರಿನೊಂದಿಗೆ ಇರಿಸಿ. ಅಂದು ‘ನಮ್ಮ ಮನೆಯಲ್ಲೂ’ ಎಂದು ಬರೆದ ಪ್ರತಿಯೊಬ್ಬರೂ ಅದರ ಕೆಳಗೆ ತಮ್ಮ ಮಾತನ್ನು ಹೆಸರು ಹಾಕಿ ಹಿಂತೆಗೆದುಕೊಳ್ಳಿ. ಇನ್ನು ಮುಂದೆ ಯಾವ ಕೆಲಸಗಾರರ ವಿರುದ್ಧದ ದೂರನ್ನೂ, ಅವರ ಉತ್ತರ ಪಕ್ಕದಲ್ಲಿಲ್ಲದೆ ಹಾಕಲು ಬಿಡಬೇಡಿ. ನನ್ನನ್ನು ಅಡ್ಮಿನ್ ಸ್ಥಾನದಿಂದ ತೆಗೆಯಿರಿ. ಇದೆಲ್ಲ ಈ ವಾರವೇ ಆಗಬೇಕು — ದಸರಾಕ್ಕೆ ಮುಂಚೆ ಜನ ಎಲೆಕ್ಟ್ರಿಷಿಯನ್ ನಂಬರು ಕೇಳಲು ಆರಂಭಿಸುವ ಮೊದಲು.