ಆರನೆಯ ಚೀಟಿ

ತೊಂಬತ್ತರ ದಶಕದಲ್ಲಿ ಶಿವಾಜಿನಗರದ ಹತ್ತಿರ ಪ್ರತಿ ವರ್ಷ ಸುವಾರ್ತಾ ಕೂಟ ನಡೆಯುತ್ತಿತ್ತು. ಪ್ರಸಂಗ ಮುಗಿದ ಮೇಲೆ, ಯೇಸುವನ್ನು ನಂಬಿ 'ಹೊಸದಾಗಿ ಹುಟ್ಟಿದವರು' ಹೆಸರು, ದಿನಾಂಕ ಬರೆದು ಒಂದು ಚೀಟಿ ಕೊಡಬೇಕು. ಅವನ್ನೆಲ್ಲ ರಿಜಿಸ್ಟರಿಗೆ ಏರಿಸುವ ಕೆಲಸ ನನ್ನದು. ಬಿ.ಎ. ಓದಿದವಳು, ಅಕ್ಷರವೂ ದುಂಡಗೆ ಎಂದು ಸಭೆಯವರು ಒಪ್ಪಿಸಿದ್ದರು. ಐದು ವರ್ಷದಿಂದ ನನ್ನದೂ ಒಂದು ಚೀಟಿ ಅದರಲ್ಲಿ ಸೇರುತ್ತಿದ್ದುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಹಿಂದಿನ ಸಲ ಮನಸಾರೆ ನಂಬಿದ್ದೆನೋ ಇಲ್ಲವೋ, ನಾಳೆ ಸತ್ತರೆ ಕರ್ತನು ಸೇರಿಸಿಕೊಳ್ಳುತ್ತಾನೋ ಇಲ್ಲವೋ ಎಂಬ ಭಯ.

ಆರನೆಯ ವರ್ಷ, ಸಹಾಯಕ್ಕೆಂದು ಹಲಸೂರಿನ ನಿವೃತ್ತ ನರ್ಸೊಬ್ಬರು ಪಕ್ಕದಲ್ಲಿ ಬಂದು ಕೂತರು. ನನ್ನ ಚೀಟಿ ಅವರ ಕೈಗೇ ಸಿಗಬೇಕೆ! ಚೀಟಿಯನ್ನೂ ನನ್ನ ಬ್ಯಾಡ್ಜನ್ನೂ ನೋಡಿದರು.

"ಇದು ನಿಮ್ದೇ ಅಲ್ವಾ?"

"ಹೌದು. ಪ್ರತಿ ವರ್ಷ ಕೊಡ್ತೀನಿ," ಎಂದು ಒಪ್ಪಿಕೊಂಡುಬಿಟ್ಟೆ.

ಬೈಯುತ್ತಾರೆಂದುಕೊಂಡರೆ ನಕ್ಕರು. "ಅಯ್ಯೋ ಕಣ್ಣು, ಪ್ರತಿ ವರ್ಷ ಹುಟ್ತೀರಾ? ಮೂವತ್ತು ವರ್ಷ ಹೆರಿಗೆ ವಾರ್ಡಲ್ಲಿದ್ದೆ. ಹುಟ್ಟಿದ ಗಳಿಗೆ ಯಾವ ಮಗು ನೆನಪಿಟ್ಕೊಂಡಿದೆ ಹೇಳಿ? ಹೆತ್ತವಳು ಇಟ್ಕೊಂಡಿರ್ತಾಳೆ."

"ನನ್ನ ನಂಬಿಕೆ ಗಟ್ಟಿ ಇಲ್ವಲ್ರೀ."

"ಎತ್ಕೊಂಡಿರೋದು ನೀವಾ, ಕರ್ತನಾ?"

ಚೀಟಿಯನ್ನು ಅಲ್ಲೇ ಹರಿದೆ. ಆಮೇಲೂ ಭಯ ಬಂದದ್ದುಂಟು, ಉಳಿದದ್ದಿಲ್ಲ. ಅವರಿಗಾಗಿ ದೇವರಿಗೆ ಸ್ತೋತ್ರ ಹೇಳದ ವಾರವಿಲ್ಲ. ಆದರೆ ಮಕ್ಕಳ ದೀಕ್ಷಾಸ್ನಾನದಿಂದ ಹಿಡಿದು ಗ್ಯಾಸ್ ಸಿಲಿಂಡರ್ ಬಂದ ದಿನದವರೆಗೆ ಎಲ್ಲ ಬರೆದಿಡುವ ನಾನು ಅವರ ಹೆಸರನ್ನೇ ಕೇಳಿರಲಿಲ್ಲ. ಪ್ರಾರ್ಥನೆಯಲ್ಲಿ 'ಆ ನರ್ಸಮ್ಮ' ಎನ್ನುತ್ತೇನೆ. ಕರ್ತನಿಗೆ ವಿಳಾಸ ಸಮೇತ ಗೊತ್ತಿರುತ್ತದೆ.